ಶಿವಣ್ಣನ ಬಿಪಿ, ರತ್ನಮ್ಮನ ಉಪ್ಪಿನ ಡಬ್ಬಿ

ಇದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದ ಒಂದು ಹಳ್ಳಿಯ, ಒಂದು ಮನೆಯ ಪ್ರಕರಣ. ಹೆಸರುಗಳನ್ನು ಬದಲಿಸಿದ್ದೇನೆ, ಊರು ಹೇಳುವುದಿಲ್ಲ. ತೆಂಗು, ರಾಗಿ ಬೆಳೆಯುವ ಬಯಲುಸೀಮೆ ಅಂದರೆ ಸಾಕು. ಬರೆಯಲು ಮನೆಯವರ ಒಪ್ಪಿಗೆ ಇದೆ. ದೊಡ್ಡ ಕಾಯಿಲೆ ಇನ್ನೂ ಕಾಣಿಸಿಕೊಳ್ಳದ ಒಬ್ಬ ಮನುಷ್ಯ ನಮ್ಮ ಕೈಗೆ ಸಿಕ್ಕಿ, ತಪ್ಪಿಹೋಗಿ, ಮತ್ತೆ ಸಿಕ್ಕರು. ಆ ಒಂದೂವರೆ ವರ್ಷದಲ್ಲಿ ನಾವು ಎಲ್ಲೆಲ್ಲಿ ಎಡವಿದೆವು ಅನ್ನುವುದು ಬೇರೆ ಕೇಂದ್ರದವರಿಗೂ, ಇಂಥ ಮನೆಗಳವರಿಗೂ ಉಪಯೋಗವಾದೀತು ಅನಿಸಿ ಬರೆಯುತ್ತಿದ್ದೇನೆ.

ಮನೆ, ಮನುಷ್ಯ

ಶಿವಣ್ಣನಿಗೆ ಆಗ 48 ವರ್ಷ. ಎರಡು ಎಕರೆ ತೋಟ, ಮೂರು ಹಸು, ಒಂದು ಗೂಡ್ಸ್ ಆಟೋ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಆಟೋ ತೆಗೆದರೆ ಕಾಯಿ, ತರಕಾರಿ, ಸಿಮೆಂಟು, ಯಾವ ಬಾಡಿಗೆ ಸಿಕ್ಕರೆ ಅದು. ಮನೆ ಸೇರುವಾಗ ರಾತ್ರಿ ಒಂಬತ್ತು ದಾಟುತ್ತದೆ. ಮನೆಯಲ್ಲಿ ತಾಯಿ, ಹೆಂಡತಿ ರತ್ನಮ್ಮ, ಇಬ್ಬರು ಮಕ್ಕಳು. ತಂದೆ ಲಕ್ವ ಹೊಡೆದು ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡಿದ್ದರು. ಅಣ್ಣನಿಗೆ ಶುಗರ್ ಇದೆ.

ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು ಎಂದು ರಾಷ್ಟ್ರೀಯ ಕಾರ್ಯಕ್ರಮ ಹೇಳುತ್ತದೆ. ಅದಕ್ಕೆ ಮೊದಲು ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಒಂದು ಪ್ರಶ್ನೆಪಟ್ಟಿ ತುಂಬುತ್ತಾರೆ. ಒಟ್ಟು ಅಂಕ 4 ದಾಟಿದವರನ್ನು ತಪಾಸಣೆಗೆ ಮೊದಲು ಕರೆಯಬೇಕು. ಶಿವಣ್ಣನದು 8 ಬಂತು. ವಯಸ್ಸಿಗೆ 2, ದಿನಾ ಎಲೆಅಡಿಕೆ ಜೊತೆ ಹಾಕುವ ಕಡ್ಡಿಪುಡಿ ತಂಬಾಕಿಗೆ 2, ಸೊಂಟದ ಸುತ್ತಳತೆ 96 ಸೆಂಟಿಮೀಟರ್ ಇದ್ದದ್ದಕ್ಕೆ 1, ಸೀಟಿನ ಮೇಲೇ ಕಳೆಯುವ ದಿನಕ್ಕೆ 1, ತಂದೆ ಮತ್ತು ಅಣ್ಣನ ಕಾಯಿಲೆಗೆ 2.

ಇಷ್ಟು ಗೊತ್ತಾದ ಮೇಲೂ ಅವರನ್ನು ಉಪಕೇಂದ್ರಕ್ಕೆ ಕರೆಸಲು ಎರಡು ತಿಂಗಳು ಹಿಡಿಯಿತು. ನಮ್ಮ ತಪಾಸಣೆ ನಡೆಯುವುದು ಬೆಳಿಗ್ಗೆ ಹತ್ತರ ಮೇಲೆ. ಆ ಹೊತ್ತಿಗೆ ಊರಿನ ಗಂಡಸರು ಊರಲ್ಲಿ ಇರುವುದಿಲ್ಲ. ಕೊನೆಗೆ ಆಶಾ ಅಕ್ಕನೇ ಒಂದು ಉಪಾಯ ಹೇಳಿದರು. ಬಿಪಿ ಯಂತ್ರ ತೆಗೆದುಕೊಂಡು ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಕಟ್ಟೆಯ ಮೇಲೆ ಕೂರೋಣ. ಹಾಲು ಹಾಕಲು ಗಂಡಸರು ಬಂದೇ ಬರುತ್ತಾರೆ. 2023ರ ಜೂನ್‌ನಲ್ಲಿ ಹಾಗೆ ಕೂತ ಮೊದಲ ದಿನವೇ ಶಿವಣ್ಣ ಸಿಕ್ಕರು.

ಬಾಯಲ್ಲಿ ಕಡ್ಡಿಪುಡಿ ಇತ್ತು. ಉಗಿದು, ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ನೋಡಿದಾಗ 152/96. ಐದು ನಿಮಿಷ ಸುಮ್ನೆ ಕೂರಿಸಿ ಮತ್ತೆ ನೋಡಿದರೆ 148/94. ಬೆರಳಿಗೆ ಚುಚ್ಚಿ ನೋಡಿದ ಸಕ್ಕರೆ 158. ಎರಡನೇ ದಿನವೂ ಬಿಪಿ 140/90ರ ಮೇಲೇ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆಸಿ ಖಾಲಿ ಹೊಟ್ಟೆಯಲ್ಲಿ ನೋಡಿದಾಗ ಸಕ್ಕರೆ 114, ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದಾಗ 168.

ಖಾಲಿ ಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸರಿ. 126 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವೆ ಇರುವುದನ್ನು ನಮ್ಮ ಜನ ಬಾರ್ಡರ್ ಶುಗರ್ ಅನ್ನುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಈ ಬಾರ್ಡರ್‌ನಲ್ಲಿ ಇರುವವರು 13.6 ಕೋಟಿ. ಅಂದರೆ ಕಾಯಿಲೆಯವರಿಗಿಂತ ಅಂಚಿನಲ್ಲಿ ನಿಂತವರೇ ಜಾಸ್ತಿ. ಆದರೆ ಆ ಪದ ಕೇಳಿದವರಿಗೆ ಏನು ಅರ್ಥವಾಗುತ್ತದೆ ಎಂದು ನಾನು ಆವತ್ತಿನವರೆಗೆ ಯೋಚಿಸಿರಲಿಲ್ಲ. ಶಿವಣ್ಣ ಕೇಳಿದರು: "ಬಾರ್ಡರ್ ಅಂದ್ರೆ ಇನ್ನೂ ಆಚೆಗೆ ಹೋಗಿಲ್ಲ ಅಂತ ಅಲ್ವಾ ಸಾರ್?" ಹೌದು ಅಂದೆ. ಅವರಿಗೆ ಅಷ್ಟೇ ಬೇಕಾಗಿತ್ತು. ಸಮಾಧಾನವಾಗಿ ಎದ್ದರು.

ನಾಲ್ಕು ನಿಮಿಷದಲ್ಲಿ ಏಳು ಮಾತು

ಆವತ್ತು ನಾನು ಅವರಿಗೆ ಹೇಳಿದ್ದೆಲ್ಲ ಒಪಿಡಿ ಪುಸ್ತಕದಲ್ಲಿದೆ. ಉಪ್ಪು ಕಡಿಮೆ ಮಾಡಿ. ಸಕ್ಕರೆ ಬಿಡಿ. ಮುದ್ದೆ, ಅನ್ನ ಕಡಿಮೆ ಮಾಡಿ. ಕರಿದಿದ್ದು ಬೇಡ. ಕಡ್ಡಿಪುಡಿ ಬಿಡಿ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ. ತಿಂಗಳಿಗೊಮ್ಮೆ ಬನ್ನಿ. ಹೊರಗೆ ಸಾಲು ಇತ್ತು. ಏಳು ಮಾತಿಗೂ ಅವರು ತಲೆ ಆಡಿಸಿದರು. ಅದನ್ನೇ ನಾನು ಒಪ್ಪಿಗೆ ಅಂದುಕೊಂಡೆ. ಬಿಪಿ ಇಳಿಸುವ ಅಮ್ಲೋಡಿಪಿನ್ 5 ಮಿಲಿಗ್ರಾಂ, ಮೂವತ್ತು ಮಾತ್ರೆ ಕೊಟ್ಟು ಕಳಿಸಿದೆವು.

ಜುಲೈನಲ್ಲಿ ಬರಲಿಲ್ಲ, ಆಗಸ್ಟ್‌ನಲ್ಲೂ ಇಲ್ಲ. ಆಶಾ ಅಕ್ಕ ಎರಡು ಸಲ ಫೋನ್ ಮಾಡಿದರು. "ಬರ್ತೀನಕ್ಕ, ಬಾಡಿಗೆ ಇದೆ" ಅನ್ನುತ್ತಿದ್ದರು. ಆ ನಡುವೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೆ ವರ್ಗವಾಯಿತು. ನಾಲ್ಕು ತಿಂಗಳು ಆ ಜಾಗ ಖಾಲಿ ಇತ್ತು, ಡೈರಿ ಕಟ್ಟೆಯ ತಪಾಸಣೆಯೂ ನಿಂತಿತು. ರಿಜಿಸ್ಟರ್‌ನಲ್ಲಿ ಶಿವಣ್ಣನ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಮಾತು ಕೇಳದ ರೋಗಿ ಎಂದು ನಾವೆಲ್ಲ ತೀರ್ಮಾನಿಸಿಬಿಟ್ಟಿದ್ದೆವು.

ನಿಜ ಸಂಗತಿ ಬಹಳ ತಡವಾಗಿ ಗೊತ್ತಾಯಿತು. ಜುಲೈನಲ್ಲಿ ಅವರು ಬಂದಿದ್ದರು. ಒಂದು ಬಾಡಿಗೆ ಬಿಟ್ಟು ಬಂದಿದ್ದರು. ಔಷಧ ಕೊಡುವವರು ಆವತ್ತು ರಜೆಯಲ್ಲಿದ್ದರು. ಯಾರೋ "ನಾಳೆ ಬಾ" ಅಂದು ಕಳಿಸಿದ್ದರು. ಅರ್ಧ ದಿನದ ದುಡಿಮೆ ಹೋಯಿತು, ಮಾತ್ರೆಯೂ ಸಿಗಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ಮೈಗೆ ಏನೂ ಗೊತ್ತಾಗುತ್ತಿಲ್ಲ. ಅದರ ಮೇಲೆ ಮಾರ್ಕೆಟ್‌ನಲ್ಲಿ ಯಾರೋ, "ಬಿಪಿ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ಬಿಡೋ ಹಾಗಿಲ್ಲ" ಅಂದಿದ್ದರು. ಅವರ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆನೇನೋ.

ಅಂಗಿ ಜೇಬಿನಿಂದ ಬಂದ ಪಟ್ಟಿ

2024ರ ಜನವರಿಯಲ್ಲಿ ಶಿವಣ್ಣ ತಾವಾಗಿಯೇ ಬಂದರು. ಬಿಪಿಗಲ್ಲ, "ಗ್ಯಾಸ್ಟ್ರಿಕ್" ಅಂತ. ಎದೆಯ ಕೆಳಗೆ ಉರಿ, ಹದಿನೈದು ದಿನದಿಂದ. ಸಿಸ್ಟರ್ ಚೀಟಿಯ ಮೂಲೆಯಲ್ಲಿ ಬಿಪಿ ಬರೆದಿದ್ದರು: 164/100.

ಆ ವಯಸ್ಸಿನ, ತಂಬಾಕು ಹಾಕುವ ಗಂಡಸು ಎದೆ ಹತ್ತಿರ ಉರಿ ಅಂದರೆ ಗ್ಯಾಸ್ಟ್ರಿಕ್ ಎಂದು ನಂಬಿ ಕೂರಬಾರದು. ಮೊದಲು ಇಸಿಜಿ ಮಾಡಿಸಿದೆ. ಸರಿ ಇತ್ತು. ಆಮೇಲೆ ಬೇರೆ ಏನಾದರೂ ಮಾತ್ರೆ ತಗೋತಿದ್ದೀರಾ ಅಂತ ಕೇಳಿದೆ. "ಇಲ್ಲ ಸಾರ್, ಯಾವ ಮಾತ್ರೇನೂ ಇಲ್ಲ." ಹೊಟ್ಟೆ ಉರಿಗೆ ಬರೆದು ಕಳಿಸುವವನಿದ್ದೆ. ಎದ್ದು ನಿಲ್ಲುವಾಗ ಅವರು ಮೇಜು ಹಿಡಿದುಕೊಂಡು ಬಲಗಾಲು ಎಳೆದರು. ಮಂಡಿ ನೋವಾ ಅಂದೆ. "ಅದು ಎರಡು ವರ್ಷದಿಂದ ಇದೆ ಸಾರ್, ಮೂಟೆ ಎತ್ತಿ ಎತ್ತಿ." ನೋವು ಜಾಸ್ತಿಯಾದಾಗ ಏನು ಮಾಡ್ತೀರಿ ಅಂತ ಕೇಳಿದೆ.

ಅಂಗಿ ಜೇಬಿಗೆ ಕೈ ಹಾಕಿದರು. ಮೊದಲು ಕಡ್ಡಿಪುಡಿ ಪೊಟ್ಟಣ ಬಂತು, ಆಮೇಲೆ ಕತ್ತರಿಯಲ್ಲಿ ಕತ್ತರಿಸಿದ ಒಂದು ಪಟ್ಟಿ. ನಾಲ್ಕು ಮಾತ್ರೆ ಉಳಿದಿದ್ದವು. ಹೆಸರಿನ ಅರ್ಧ ಹೋಗಿತ್ತು, ಉಳಿದ ಅಕ್ಷರ ನೋಡಿದರೆ ಡೈಕ್ಲೋಫಿನಾಕ್. ಬೆಳಿಗ್ಗೆ ಲೋಡ್ ಹಾಕುವ ಮುಂಚೆ ಒಂದು, ಸಾಯಂಕಾಲ ಒಂದು, ಎಷ್ಟೋ ತಿಂಗಳಿಂದ. "ಇದು ಮಾತ್ರೆ ಅಲ್ಲ ಸಾರ್, ಇದು ನೋವಿಗೆ" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಮಾತ್ರೆ ಅಂದರೆ ಕಾಯಿಲೆಗೆ ಡಾಕ್ಟರು ಬರೆದುಕೊಡುವಂಥದ್ದು.

ಇಡೀ ಪ್ರಕರಣ ತಿರುಗಿದ್ದು ಇಲ್ಲೇ. ಈ ಜಾತಿಯ ನೋವಿನ ಮಾತ್ರೆಗಳು ಹೊಟ್ಟೆ ಸುಡುವುದು ಎಲ್ಲರಿಗೂ ಗೊತ್ತು. ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟುಕೊಂಡು ಬಿಪಿ ಏರಿಸುತ್ತವೆ, ದಿನಾ ತಗೊಂಡರೆ ಮೂತ್ರಪಿಂಡಕ್ಕೂ ಪೆಟ್ಟು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಆರೇಳು ತಿಂಗಳ ಹಿಂದೆಯೇ ನಾನು ಮಂಡಿಯ ಬಗ್ಗೆ ಒಂದು ಮಾತು ಕೇಳಿದ್ದರೆ ಈ ಪಟ್ಟಿ ಆಗಲೇ ಮೇಜಿನ ಮೇಲೆ ಬರುತ್ತಿತ್ತು. ಈಗ ನಮ್ಮ ಕೇಂದ್ರದಲ್ಲಿ ಏನು ಮಾತ್ರೆ ತಗೋತೀರಿ ಎಂದು ಯಾರೂ ಕೇಳುವುದಿಲ್ಲ. ನೋವಾದರೆ ಏನು ಮಾಡ್ತೀರಿ, ನಿದ್ದೆ ಬರದಿದ್ದರೆ ಏನು ಮಾಡ್ತೀರಿ ಅಂತ ಕೇಳುತ್ತೇವೆ. ಜೇಬುಗಳಿಂದ ಬೇಕಾದಷ್ಟು ಹೊರಗೆ ಬರುತ್ತದೆ.

ಆವತ್ತು ಮೂರೇ ಕೆಲಸ ಮಾಡಿದೆವು. ಡೈಕ್ಲೋಫಿನಾಕ್ ನಿಲ್ಲಿಸಿದೆವು, ನೋವು ತೀರಾ ಜಾಸ್ತಿಯಾದರೆ ಮಾತ್ರ ಪ್ಯಾರಾಸಿಟಮಾಲ್. ಕುರ್ಚಿಯ ಮೇಲೆ ಕೂತು ಕಾಲು ನೇರ ಮಾಡಿ ಹತ್ತು ಎಣಿಸುವ ವ್ಯಾಯಾಮ ತೋರಿಸಿದೆವು, ಒಂದೊಂದು ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಅಮ್ಲೋಡಿಪಿನ್ ಮತ್ತೆ ಶುರುವಾಯಿತು, ಈ ಸಲ ಅವರ ಊರಿನ ಉಪಕೇಂದ್ರದಲ್ಲೇ, ಎರಡು ತಿಂಗಳಿಗಾಗುವಷ್ಟು ಒಟ್ಟಿಗೆ. ರಕ್ತ, ಮೂತ್ರ ಪರೀಕ್ಷೆಯಲ್ಲಿ ಮೂತ್ರಪಿಂಡ ಚೆನ್ನಾಗಿತ್ತು. ಸಾಯೋ ತನಕ ತಗೋಬೇಕಾ ಅಂತ ಅವರು ಕೇಳಿದಾಗ ಇದ್ದದ್ದನ್ನೇ ಹೇಳಿದೆ. ಬಹಳ ಜನ ತಗೊಳ್ಳುತ್ತಲೇ ಇರಬೇಕಾಗುತ್ತದೆ. ಕೆಲವರಿಗೆ ತೂಕ, ಉಪ್ಪು ಇಳಿದ ಮೇಲೆ ಕಡಿಮೆ ಮಾಡಬಹುದು. ನಿಮ್ಮ ತಂದೆಗೆ ಆದದ್ದು ನಿಮಗೆ ಆಗಬಾರದು ಅಂತ ಈ ಮಾತ್ರೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅಪ್ಪನಿಗೂ ಬಿಪಿ ಇತ್ತಾ ಅಂತ ಕೇಳಿದರು. ಯಾರೂ ನೋಡಿರಲಿಲ್ಲ.

ಮೂರು ಪ್ಯಾಕೆಟ್ ಉಪ್ಪು

ಒಂದು ತಿಂಗಳಿಗೆ ಬಿಪಿ 142/90ಕ್ಕೆ ಬಂತು. ಉಳಿದ ವಿಷಯಗಳನ್ನು ಈ ಸಲ ಪಟ್ಟಿ ಮಾಡಿ ಹೇಳಲಿಲ್ಲ. ಹೊಸದಾಗಿ ಬಂದಿದ್ದ ಸಮುದಾಯ ಆರೋಗ್ಯ ಅಧಿಕಾರಿ, ಚುರುಕಿನ ಹೆಣ್ಣುಮಗಳು, ರತ್ನಮ್ಮನನ್ನೂ ಉಪಕೇಂದ್ರಕ್ಕೆ ಕರೆಸಿ ಒಂದೇ ಒಂದು ಪ್ರಶ್ನೆ ಕೇಳಿದರು: ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು ತರ್ತೀರಿ?

"ಮೂರು ಮೇಡಂ." ಐದು ಜನಕ್ಕೆ ಮೂರು ಕಿಲೋ! ಅಷ್ಟರಲ್ಲಿ ರತ್ನಮ್ಮನೇ ತಿದ್ದಿದರು. "ಒಂದು ಹಸುಗಳ ಕಲಗಚ್ಚಿಗೆ ಹೋಗುತ್ತೆ." ಸರಿ, ಮನುಷ್ಯರಿಗೆ ಎರಡು. 2000 ಗ್ರಾಂ, ಮೂವತ್ತು ದಿನ, ಐದು ಜನ. ತಲೆಗೆ ದಿನಕ್ಕೆ 13 ಗ್ರಾಂ ಬಂತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು. ಇದು ಅಂದಾಜಿನ ಲೆಕ್ಕ. ಆದರೆ ಉಪ್ಪು ಕಡಿಮೆ ಮಾಡಿ ಅನ್ನುವ ಮಾತಿಗೆ ಮೊದಲ ಸಲ ಒಂದು ಅಳತೆ ಸಿಕ್ಕಿತು. ಆ ಅಳತೆ ಅಡುಗೆ ಮಾಡುವವರ ಕೈಯಲ್ಲೇ ಇತ್ತು. ಶಿವಣ್ಣನಿಗೆ ನಾನು ಎಷ್ಟು ಹೇಳಿದರೂ ಪ್ರಯೋಜನ ಇರಲಿಲ್ಲ, ಅವರು ಒಂದು ದಿನವೂ ಸಾರಿಗೆ ಉಪ್ಪು ಹಾಕಿದವರಲ್ಲ.

ರತ್ನಮ್ಮ ಒಂದು ಪ್ಲಾಸ್ಟಿಕ್ ಡಬ್ಬಿ ಬೇರೆ ಇಟ್ಟರು. ಮನೆ ಮಂದಿಯ ಉಪ್ಪೆಲ್ಲ ಅದರಿಂದಲೇ. ಮೊದಲ ತಿಂಗಳು ಒಂದೂವರೆ ಪ್ಯಾಕೆಟ್ ತುಂಬಿ, ಅದು ಮೂವತ್ತು ದಿನ ಬರಬೇಕು ಎಂದು ತೀರ್ಮಾನಿಸಿದರು. ಅತ್ತೆ ಸಪ್ಪೆ ಸಾರು ಎಂದು ತಟ್ಟೆ ಸರಿಸಿದರಂತೆ. ಹುಣಸೆಹಣ್ಣು, ಬೆಳ್ಳುಳ್ಳಿ ಸ್ವಲ್ಪ ಮುಂದೆ ಮಾಡಿ, ಊಟಕ್ಕೆ ನಿಂಬೆಹಣ್ಣು ಕತ್ತರಿಸಿಟ್ಟು ಹೇಗೋ ಸಂಭಾಳಿಸಿದರು. ಮೂರ್ನಾಲ್ಕು ವಾರ ಕಳೆದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಒಗ್ಗಿಕೊಂಡಿತು. ಅಯೋಡಿನ್ ಇರುವ ಉಪ್ಪನ್ನೇ ಬಳಸಿ, ಕಡಿಮೆ ಬಳಸಿ ಅಂತ ಮಾತ್ರ ಒತ್ತಿ ಹೇಳಿದ್ದೆವು.

ಸಕ್ಕರೆಯ ವಿಷಯ ಬೇರೆ ಥರ. ಮನೆಯಲ್ಲಿ ಸಿಹಿ ಮಾಡುವುದು ಹಬ್ಬಕ್ಕೆ ಮಾತ್ರ. "ನಾನು ಸಿಹಿ ತಿನ್ನೋದೇ ಇಲ್ಲ ಸಾರ್" ಅಂತ ಶಿವಣ್ಣ ಹೇಳಿದ್ದು ನಿಜವೇ. ಆದರೆ ಟೀ ಎಷ್ಟು ಅಂತ ಕೇಳಿದಾಗ ಬೆರಳು ಮಡಚುತ್ತ ಹೋದರು. ಮನೆಯಲ್ಲಿ ಒಂದು, ಸ್ಟ್ಯಾಂಡಿನಲ್ಲಿ ಒಂದು, ಮಾರ್ಕೆಟ್‌ನಲ್ಲಿ ಎರಡು, ಲೋಡ್ ಇಳಿಸಿದ ಮೇಲೆ ಒಂದು, ವಾಪಸ್ ಬರುವಾಗ ಒಂದು. ಆರು ಟೀ, ಒಂದೊಂದಕ್ಕೆ ಎರಡು ಚಮಚ. ಟೀಯಿಂದಲೇ ದಿನಕ್ಕೆ 50 ಗ್ರಾಂ ಹತ್ತಿರ ಸಕ್ಕರೆ. ಬಿಡಿ ಅನ್ನಲಿಲ್ಲ. ಟೀ ಅವರಿಗೆ ಬರೀ ಕುಡಿಯುವ ವಸ್ತುವಲ್ಲ, ನಾಲ್ಕು ಜನರ ಜೊತೆ ನಿಲ್ಲುವ ಹೊತ್ತು. ಮೂರಕ್ಕೆ ಇಳಿಸುತ್ತೇನೆ, ಅದರಲ್ಲಿ ಎರಡು ಸಕ್ಕರೆ ಇಲ್ಲದ್ದು ಎಂದು ಅವರೇ ಹೇಳಿದರು. ಅವರೇ ಹೇಳಿದ್ದರಿಂದ ನಡೆಯಿತು.

ಮುದ್ದೆ ಬಗ್ಗೆ ವಾದವೇ ಆಯಿತು. ರಾಗಿ ಶುಗರ್‌ಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಹಾಗಾಗಿ ರಾತ್ರಿ ಎರಡು ದೊಡ್ಡ ಮುದ್ದೆ, ಮೇಲೆ ಅನ್ನ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಇದೆ, ನಿಜ. ಆದರೆ ಅದೂ ಪಿಷ್ಟವೇ, ಅಳತೆ ಮೀರಿದರೆ ಸಕ್ಕರೆ ಏರುತ್ತದೆ. ಒಂದು ಮುದ್ದೆ, ಜೊತೆಗೆ ಸೊಪ್ಪಿನ ಸಾರು ಅಥವಾ ಹುರುಳಿಕಾಳು ಜಾಸ್ತಿ ಅನ್ನುವಲ್ಲಿಗೆ ಬಂದು ನಿಂತಿತು.

ಇನ್ನು ವಾಕಿಂಗ್. ನಮ್ಮ ಕಡೆ ಬೆಳಿಗ್ಗೆ ರಸ್ತೆಯಲ್ಲಿ ಸುಮ್ನೆ ನಡೆಯುವವನನ್ನು ನೋಡಿದರೆ ಏನು ಕಾಯಿಲೆ ಬಂತಪ್ಪ ಅಂತ ಕೇಳುತ್ತಾರೆ. ಶಿವಣ್ಣನಿಗೆ ಅದು ಬೇಡವಾಗಿತ್ತು. ಡೈರಿಗೆ ಹಾಲು ಹಾಕಿ ಎಕ್ಸೆಲ್ ಗಾಡಿಯಲ್ಲಿ ತೋಟಕ್ಕೆ ಹೋಗುತ್ತಿದ್ದರು. ಆ ಗಾಡಿಯನ್ನು ಮನೆಯಲ್ಲೇ ಬಿಟ್ಟರು. ಹೋಗಿಬರಲು ಮೂರು ಕಿಲೋಮೀಟರ್. ಮಂಡಿಗೆ ಶಕ್ತಿ ಬಂದ ಮೇಲೆ, ಮಾರ್ಚ್‌ನಿಂದ, ವಾರಕ್ಕೆ ಐದು ದಿನವಾದರೂ ನಡೆದರು. ತೋಟಕ್ಕೆ ಹೋಗುವವನನ್ನು ಯಾರೂ ಏನೂ ಕೇಳುವುದಿಲ್ಲ.

ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಶುರು ಮಾಡಬೇಕಾ ಎಂದು ನಾನು ಯೋಚಿಸಿದ್ದು ಇದೇ ಹೊತ್ತಿಗೆ. ಚೆನ್ನೈನಲ್ಲಿ ಇಂಥ ಬಾರ್ಡರ್‌ನ 531 ಜನರನ್ನು ಮೂರು ವರ್ಷ ಗಮನಿಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಗಿದೆ. ಸಾಮಾನ್ಯ ಸಲಹೆ ಮಾತ್ರ ಸಿಕ್ಕ ಗುಂಪಿನಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಊಟ, ನಡಿಗೆ ಬದಲಿಸಿದ ಗುಂಪಿನಲ್ಲಿ ಸುಮಾರು 39. ಮೆಟ್‌ಫಾರ್ಮಿನ್ ಗುಂಪಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ, ಎರಡನ್ನೂ ಸೇರಿಸಿ ಕೊಟ್ಟರೆ ಇನ್ನಷ್ಟೇನೂ ಆಗಲಿಲ್ಲ. ನಮ್ಮ ದೇಹಪ್ರಕೃತಿಯ ಜನರ ಮೇಲೇ ನಡೆದದ್ದಾದ್ದರಿಂದ ನನಗೆ ಅದರ ಮೇಲೆ ಭರವಸೆ. ಈಗಾಗಲೇ ಒಂದು ಮಾತ್ರೆಗೆ ಹೆದರಿದ್ದ ಮನುಷ್ಯನಿಗೆ ಎರಡನೆಯದು ಬೇಡ, ಆರು ತಿಂಗಳು ನೋಡೋಣ ಎಂದು ನಿರ್ಧರಿಸಿದೆ.

ಉಪ್ಪಿನಕಾಯಿ ತಿಂಗಳು

ಏಪ್ರಿಲ್‌ನಲ್ಲಿ ಬಿಪಿ 134/84. ಜೂನ್‌ನಲ್ಲಿ ಮತ್ತೆ 146/90. ಮಾತ್ರೆ ತಪ್ಪಿಸಿರಲಿಲ್ಲ, ಪಟ್ಟಿ ಎಣಿಸಿ ನೋಡಿದೆವು. ನೋವಿನ ಮಾತ್ರೆಯೂ ಇಲ್ಲ. ಉಪ್ಪಿನ ಡಬ್ಬಿ ಲೆಕ್ಕವೂ ಸರಿ ಇತ್ತು. ಎರಡನೇ ಮಾತ್ರೆ ಬರೆಯಲು ಪೆನ್ನು ತೆಗೆದಿದ್ದೆ. ರತ್ನಮ್ಮ ಮೆಲ್ಲಗೆ ಕೇಳಿದರು: "ಉಪ್ಪಿನಕಾಯಿಗೆ ಹಾಕಿದ್ದು ಡಬ್ಬಿ ಲೆಕ್ಕಕ್ಕೆ ಬರೋದಿಲ್ಲ ಅಲ್ವಾ ಮೇಡಂ?" ಮೇ ತಿಂಗಳಲ್ಲಿ ಎರಡು ಜಾಡಿ ಮಾವಿನಕಾಯಿ ಹಾಕಿದ್ದರು. ಸಾರು ಸಪ್ಪೆಯಾದ್ದರಿಂದ ಮನೆಯವರೆಲ್ಲ ಎರಡು ಹೊತ್ತೂ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿದ್ದರು.

ಶಿವಣ್ಣ ಒಂದು ತಿಂಗಳು ಟೈಮ್ ಕೇಳಿದರು. ಕೊಟ್ಟೆ. ಜಾಡಿ ಅಟ್ಟಕ್ಕೆ ಹೋಯಿತು, ಭಾನುವಾರ ಮಾತ್ರ ಇಳಿಯುತ್ತಿತ್ತು. ಜುಲೈನಲ್ಲಿ 136/86. ಇಳಿಯದೇ ಇದ್ದಿದ್ದರೆ ಎರಡನೇ ಮಾತ್ರೆ ಕೊಟ್ಟೇ ಕೊಡುತ್ತಿದ್ದೆ. ಅದರಲ್ಲಿ ಹಟ ಮಾಡಿ ತಿಂಗಳುಗಟ್ಟಲೆ ಕಾಯುವುದು ತಪ್ಪು.

ಕಡ್ಡಿಪುಡಿ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಎರಡು ಸಲ ಬಿಟ್ಟರು, ಎರಡು ಸಲವೂ ರಾತ್ರಿ ಬಾಡಿಗೆಯಲ್ಲಿ ನಿದ್ದೆ ತಡೆಯಲು ಮತ್ತೆ ಶುರುವಾಯಿತು. ತಂಬಾಕು ಪೊಟ್ಟಣದ ಮೇಲೇ ಇರುವ ಸಹಾಯವಾಣಿ 1800-11-2356ಕ್ಕೆ ನಮ್ಮ ಮುಂದೆಯೇ ಫೋನ್ ಮಾಡಿಸಿದ್ದೇವೆ. ದಿನಕ್ಕೆ ಹತ್ತು ಸಲ ಇದ್ದದ್ದು ಈಗ ಎರಡಕ್ಕೆ ಬಂದಿದೆ. ಎರಡೂ ಜಾಸ್ತಿಯೇ. ಪ್ರತಿ ಭೇಟಿಯಲ್ಲೂ ಕೇಳುತ್ತೇವೆ, ಬೈಯುವುದಿಲ್ಲ. ಬೈದರೆ ಬರುವುದನ್ನೇ ಬಿಡುತ್ತಾರೆ.

ಹಸು ತುಳಿದ ಗಾಯ

ಆಗಸ್ಟ್‌ನಲ್ಲಿ ರತ್ನಮ್ಮ ಗಂಡನ ಮಾತ್ರೆ ಒಯ್ಯಲು ಬಂದಿದ್ದರು. ಎಡ ಪಾದಕ್ಕೆ ಬಟ್ಟೆ ಸುತ್ತಿತ್ತು. "ಹಸು ತುಳೀತು ಮೇಡಂ, ಮೂರು ವಾರ ಆಯ್ತು." ಸಣ್ಣ ಗಾಯ, ಒಣಗಿರಲಿಲ್ಲ. ನಿಮ್ಮ ಸಕ್ಕರೆ ಯಾವಾಗ ನೋಡಿಸಿದ್ರಿ ಅಂತ ನಮ್ಮ ಅಧಿಕಾರಿ ಕೇಳಿದರು. "ನಂಗೇನಾಗಿದೆ, ಬಿಡಿ." ಬಲವಂತವಾಗಿ ಕೂರಿಸಿ ಚುಚ್ಚಿದರೆ 236. ಮರುದಿನ ಖಾಲಿ ಹೊಟ್ಟೆಯಲ್ಲಿ 162. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 7.9. ಸಕ್ಕರೆ ಕಾಯಿಲೆ ಅನ್ನಲು 6.5 ಸಾಕು.

ಅವರಿಗೆ 43 ವರ್ಷ. ಫೆಬ್ರುವರಿಯಿಂದ ಆರು ಸಲ ನಮ್ಮ ಉಪಕೇಂದ್ರದ ಕುರ್ಚಿಯಲ್ಲಿ ಕೂತು ಹೋಗಿದ್ದರು. ಉಪ್ಪು ಅಳೆದರು, ಗಂಡನ ಪಟ್ಟಿ ಎಣಿಸಿದರು, ಊಟ ಬದಲಿಸಿದರು. ಯಂತ್ರ ಮೇಜಿನ ಮೇಲೇ ಇತ್ತು. ನಮ್ಮಲ್ಲಿ ಒಬ್ಬರೂ ಅವರ ಬೆರಳು ಹಿಡಿಯಲಿಲ್ಲ. ಹಳೆಯ ಫಾರಂ ತೆಗೆದು ನೋಡಿದರೆ ಅವರ ಹೆಸರಿನ ಸಾಲು ಖಾಲಿ. ಆಶಾ ಅಕ್ಕ ಹೋದಾಗ ಅತ್ತೆಯದು, ಗಂಡನದು ಬರೆಸಿ, "ನಂದು ಆಮೇಲೆ ಬರ್ಕೊಳ್ಳಿ ಅಕ್ಕ, ಹಾಲು ಉಕ್ಕುತ್ತೆ" ಅಂದಿದ್ದರಂತೆ.

ಇನ್ನೂ ಕೆದಕಿ ಕೇಳಿದಾಗ ಗೊತ್ತಾಯಿತು. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಸಕ್ಕರೆ ಇದೆ ಅಂದಿದ್ದರು. ಮಗು ನಾಲ್ಕು ಕಿಲೋ ದಾಟಿತ್ತು. ಹೆರಿಗೆ ಆದ ಮೇಲೆ ಹೋಯಿತು ಅಂದರು, ಅಲ್ಲಿಗೆ ಮುಗಿಯಿತು. ಬಸುರಿಯಲ್ಲಿ ಬಂದ ಸಕ್ಕರೆ ಹೆರಿಗೆಯ ನಂತರ ಇಳಿದರೂ ಮುಂದೆ ಸಕ್ಕರೆ ಕಾಯಿಲೆಯಾಗಿ ಬರುವ ಸಾಧ್ಯತೆ ಉಳಿದವರಿಗಿಂತ ಬಹಳ ಜಾಸ್ತಿ. ಹೆರಿಗೆಯಾದ ಆರರಿಂದ ಹನ್ನೆರಡು ವಾರದೊಳಗೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಲೇ ಇರಬೇಕು. ರತ್ನಮ್ಮನಿಗೆ 14 ವರ್ಷ ಯಾರೂ ನೋಡಿರಲಿಲ್ಲ. ಗಂಡನಿಗೆ ಬಾರ್ಡರ್ ಇದ್ದಾಗ ಇವರಿಗೆ ಪ್ರಾಯಶಃ ಆಗಲೇ ಕಾಯಿಲೆ ಶುರುವಾಗಿತ್ತು. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ಮೆಟ್‌ಫಾರ್ಮಿನ್ ಶುರು ಮಾಡಿದೆವು. ಗಾಯಕ್ಕೆ ದಿನ ಬಿಟ್ಟು ದಿನ ಡ್ರೆಸ್ಸಿಂಗ್, ಸೆಪ್ಟೆಂಬರ್ ಕೊನೆಗೆ ಒಣಗಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಒಳಪದರ ನೋಡಿಸಿದೆವು, ಸದ್ಯ ತೊಂದರೆ ಇಲ್ಲ. ಕೊಟ್ಟಿಗೆಗೆ ಬರಿಗಾಲಲ್ಲಿ ಹೋಗುವುದನ್ನು ಬಿಡಿಸಿದ್ದೇವೆ. ಊಟದ ಬಗ್ಗೆ ಹೊಸದಾಗಿ ಹೇಳಲು ಏನೂ ಇರಲಿಲ್ಲ, ಅವರ ಅಡುಗೆಮನೆ ಆಗಲೇ ಬದಲಾಗಿತ್ತು.

2024ರ ಡಿಸೆಂಬರ್‌ನಲ್ಲಿ ಶಿವಣ್ಣನ ಬಿಪಿ 132/82, ಅದೇ ಒಂದು ಮಾತ್ರೆಯಲ್ಲಿ. ಖಾಲಿ ಹೊಟ್ಟೆಯ ಸಕ್ಕರೆ 103, ಇನ್ನೂ ಬಾರ್ಡರ್‌ನಲ್ಲೇ ಇದೆ. ಸೊಂಟ 91. ರತ್ನಮ್ಮನ ಮೂರು ತಿಂಗಳ ಸರಾಸರಿ 6.9. ಮನುಷ್ಯರ ಉಪ್ಪು ತಿಂಗಳಿಗೆ ಒಂದು ಪ್ಯಾಕೆಟ್‌ಗಿಂತ ಸ್ವಲ್ಪ ಜಾಸ್ತಿ. ಇಬ್ಬರ ಚೀಟಿಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಬರುತ್ತಾರೆ.

ನಮ್ಮ ಬಿಪಿ ರಿಜಿಸ್ಟರ್‌ನಲ್ಲಿ ಈಗ ಸ್ಕೇಲ್ ಇಟ್ಟು ಒಂದು ಹೊಸ ಕಾಲಂ ಎಳೆದಿದ್ದೇವೆ. ಯಾರಿಗೆ ಮಾತ್ರೆ ಕೊಡುತ್ತೇವೋ ಅವರ ಮನೆಯಲ್ಲಿ ಅಡುಗೆ ಮಾಡುವವರ ಹೆಸರು, ಅವರ ಬಿಪಿ, ಸಕ್ಕರೆ ಕೊನೆಯ ಸಲ ನೋಡಿದ ತಾರೀಕು, ಬಸುರಿಯಲ್ಲಿ ಸಕ್ಕರೆ ಬಂದಿತ್ತೇ ಇಲ್ಲವೇ. ಶಿವಣ್ಣನ ಊರಿನ ಪುಟದಲ್ಲಿ ಆ ಕಾಲಂ ಖಾಲಿ ಇರುವ ಮನೆಗಳು ಇನ್ನೂ ಹನ್ನೊಂದು. ಆಶಾ ಅಕ್ಕ ಈ ವಾರ ನಾಲ್ಕಕ್ಕೆ ಹೋಗುತ್ತೇನೆ ಅಂದಿದ್ದಾರೆ, ಸಾಯಂಕಾಲ, ಹಾಲು ಕಾಯಿಸಿ ಇಳಿಸಿದ ಮೇಲೆ.